ಬೀದರ್ ಗುರುದ್ವಾರದ ಲಂಗರ್‌ನಲ್ಲಿ ಬಡಿಸೋದು, ನನ್ನ ಅನುಭವ

ನಮ್ಮದು ತುಮಕೂರು ಕಡೆ, ಸಿದ್ಧಗಂಗಾ ಮಠದ ದಾಸೋಹದಲ್ಲಿ ಉಂಡು, ಜಾತ್ರೆ ಟೈಮಲ್ಲಿ ಅಲ್ಲೇ ಬಡಿಸಿ ಬೆಳೆದೋರು ನಾವು. ಕೆಲಸದ ಮೇಲೆ ಬೀದರ್‌ಗೆ ಬಂದ್ಮೇಲೆ ರಜಾ ಸಿಕ್ಕಾಗೆಲ್ಲ ನಾನಕ್ ಝೀರಾ ಸಾಹಿಬ್ ಗುರುದ್ವಾರದ ಲಂಗರ್‌ಗೆ, ಅಂದ್ರೆ ಎಲ್ರಿಗೂ ಉಚಿತವಾಗಿ ಊಟ ಹಾಕೋ ಅಡುಗೆಮನೆಗೆ, ಸೇವೆಗೆ ಹೋಗ್ತೀನಿ. ಗುರುನಾನಕ್ ಇಲ್ಲಿಗೆ ಬಂದಾಗ ಬಂಡೆ ಕೆಳಗಿಂದ ಸಿಹಿನೀರು ಉಕ್ಕಿತು ಅಂತ ನಂಬಿಕೆ, ಆ ಝರಿ ಇರೋ ಜಾಗ ಇದು. ನೀವು ಸಿಖ್ ಅಲ್ವಲ್ಲ, ಒಳಗೆ ಬಿಡ್ತಾರಾ ಅಂತ ತುಂಬಾ ಜನ ಕೇಳ್ತಾರೆ. ಯಾರೂ ಜಾತಿ ಕೇಳಲ್ಲ ರೀ. ಚಪ್ಪಲಿ ಬಿಟ್ಟು ಕೈಕಾಲು ತೊಳ್ಕೊಂಡು ತಲೆಗೆ ಬಟ್ಟೆ ಕಟ್ಕೊಂಡು ಹೋಗಿ ಏನ್ ಸೇವೆ ಇದೆ ಅಂತ ಕೇಳಿದ್ರೆ ಸಾಕು, ಕೈಗೊಂದು ಕೆಲಸ ಬರುತ್ತೆ.

ನಂಗೆ ಇಷ್ಟವಾದ ಸೇವೆ ಅಂದ್ರೆ ರೊಟ್ಟಿ ಹಂಚೋದು, ಅಲ್ಲಿ ಪರ್ಶಾದಾ ಅಂತಾರೆ. ಎಲ್ರೂ ನೆಲದ ಮೇಲೆ ಸಾಲಾಗಿ ಕೂತಿರ್ತಾರೆ, ರೊಟ್ಟಿ ಬೇಕಾದೋರು ಎರಡೂ ಕೈ ಚಾಚ್ತಾರೆ, ನಾವು ಬಗ್ಗಿ ಆ ಬೊಗಸೆಗೇ ಇಡ್ಬೇಕು, ಮೇಲಿಂದ ತಟ್ಟೆಗೆ ಎಸೆಯೋ ಹಾಗಿಲ್ಲ. ಕಾರಲ್ಲಿ ಬಂದೋರ ಮುಂದೆ ಎಷ್ಟು ಬಗ್ತೀವೋ ಬಸ್‌ಸ್ಟ್ಯಾಂಡಲ್ಲಿ ಮಲಗೋ ಅಜ್ಜನ ಮುಂದೇನೂ ಅಷ್ಟೇ. ಸಾಲು ಮುಗಿಯೋ ಹೊತ್ತಿಗೆ ಸೊಂಟ ಹಿಡ್ಕೊಂಡಿರುತ್ತೆ ನಿಜ, ಆದ್ರೆ ನಾನು ಕೊಡ್ತಿದೀನಿ ಅನ್ನೋ ಭಾವನೆ ಹೆಂಗೋ ಕರಗಿ ಹೋಗಿರುತ್ತೆ. ನನ್ನ ಮಟ್ಟಿಗೆ ಪೂಜೆ ಅಂದ್ರೆ ಇದೇ.

ಮೊದಲು ಪಂಗತ್ತಿನಲ್ಲಿ, ಅಂದ್ರೆ ಊಟದ ಸಾಲಲ್ಲಿ, ಕೂತು ಉಣ್ಣು, ಆಮೇಲೆ ಗುರುವನ್ನ ನೋಡು ಅನ್ನೋ ನಿಯಮ ಮೂರನೇ ಗುರು ಅಮರದಾಸ್ ಮಾಡಿದ್ದು, ಅಕ್ಬರ್ ಬಾದಷಹಾನೂ ಹಂಗೇ ಕೂತು ಉಂಡ ಅಂತ ಸಿಖ್ಖರ ಪರಂಪರೆಯಲ್ಲಿ ಹೇಳ್ತಾರೆ. ಯಾವ ಧರ್ಮದೋರು ಬಂದ್ರೂ ಜೊತೇಲಿ ಉಣ್ಲಿ ಅಂತ್ಲೇ ಊಟ ಪೂರ್ತಿ ಸಸ್ಯಾಹಾರ. ನಮ್ಮ ಕೆಲವು ಕಡೆ ಇನ್ನೂ ಪಂಕ್ತಿಭೇದ ಮಾಡಿ ಅದನ್ನ ಮಡಿ ಅಂತಾರಲ್ಲ, ಅಲ್ಲಿ ಎಂಥಾ ರುಚಿ ಊಟ ಹಾಕಿದ್ರೂ ಅದು ಪ್ರಸಾದ ಅಂತ ನಂಗೆ ಅನ್ಸಲ್ಲ.

ಒಂದ್ಸಲ ಬಸವಕಲ್ಯಾಣ ಕಡೆಯ ಅಜ್ಜಿ ಒಬ್ರು, ಕೊರಳಲ್ಲಿ ಇಷ್ಟಲಿಂಗದ ಕರಡಿಗೆ, ಊಟ ಆದ್ಮೇಲೆ ತಟ್ಟೆಗೆ ನೀರು ಹಾಕಿ ಬೆರಳಲ್ಲಿ ಸುತ್ತ ತೊಳೆದು ಆ ನೀರು ಕುಡಿದ್ರು, ನಮ್ಮ ಮನೆ ಹಿರಿಯರು ಮಾಡೋ ಹಾಗೇನೇ. ತಟ್ಟೆ ಎತ್ತೋಕೆ ಬಂದಿದ್ದ ಪಂಜಾಬಿ ಹುಡುಗ ಅವರು ಮುಗಿಸೋವರೆಗೂ ನಿಂತಿದ್ದು ಎರಡೂ ಕೈಯಲ್ಲಿ ತಟ್ಟೆ ಇಸ್ಕೊಂಡ. ಬಸವಣ್ಣ ಕಲ್ಯಾಣದಲ್ಲಿ ದಾಸೋಹ ನಡೆಸಿದ್ದು 12ನೇ ಶತಮಾನ, ನಾನಕರು ಬಂದಿದ್ದು ಅದಾಗಿ ಮುನ್ನೂರು ವರ್ಷದ ಮೇಲೆ, ಎರಡೂ ಇದೇ ಜಿಲ್ಲೇಲಿ.

ಇದೇ ಭಾವ ಗುರುದ್ವಾರದ ಹೊರಗೂ ಕಂಡಿದೀನಿ. ರಂಜಾನ್‌ನಲ್ಲಿ ಪಕ್ಕದ ಮನೆಯೋರು ಇಫ್ತಾರ್‌ಗೆ ಕರೀತಾರೆ, ದಿನವಿಡೀ ನೀರೂ ಕುಡೀದೆ ಇದ್ದೋರು ಮೊದಲ ಖರ್ಜೂರದ ತಟ್ಟೆ ನನ್ನ ಕಡೆಗೇ ಸರಿಸ್ತಾರೆ.

ಗುರುದ್ವಾರದಲ್ಲಿ ಸೇವೆ ಮಾಡೋ ಮನಸ್ಸಿದ್ರೆ ಊಟದ ರಶ್ ಶುರುವಾಗೋಕೆ ಮುಂಚೆ ಹೋಗಿ, ತರಕಾರಿ ಹೆಚ್ಚೋಕೆ, ರೊಟ್ಟಿ ಲಟ್ಟಿಸೋಕೆ ಕೈ ಬೇಕಿರುತ್ತೆ. ಬಡಿಸಿ ಮುಗಿದ್ಮೇಲೆ ನೀವೂ ಸಾಲಲ್ಲಿ ಕೂತು ಉಂಡೇ ಬನ್ನಿ.