ಹಣಕ್ಕಿಂತ ಮೊದಲು ಗಡಿಯಾರ: ಪುರುಷರ, ಮಹಿಳೆಯರ ಫುಟ್‌ಬಾಲ್ ಲೆಕ್ಕ ಹೊಂದಿಸಿದ ಬಗೆ

ಪುರುಷರ ಮತ್ತು ಮಹಿಳೆಯರ ಅಂತರರಾಷ್ಟ್ರೀಯ ಫುಟ್‌ಬಾಲನ್ನು ಒಂದೇ ಶೀಟಿನಲ್ಲಿ ಹೋಲಿಸಲು ಸಾಧ್ಯವೇ ಇಲ್ಲ ಎಂದವರೇ ಹೆಚ್ಚು. ‘ಅಲ್ಲಿ ಸಾವಿರಾರು ಕೋಟಿ, ಇಲ್ಲಿ ಪುಡಿಗಾಸು, ಇನ್ನೆಂಥ ಲೆಕ್ಕ’ ಅಂತ. ಸಾಧ್ಯವಿದೆ, ಕಾಲಂಗಳ ಕ್ರಮ ಬದಲಿಸಬೇಕು ಅಷ್ಟೇ. ಮೊದಲು ವೇಳಾಪಟ್ಟಿ, ಆಮೇಲೆ ವೀಕ್ಷಕರು, ಹಣ ಕಟ್ಟಕಡೆಗೆ. ಹಣದಿಂದ ಶುರು ಮಾಡಿದವರು ಅಲ್ಲೇ ಮುಗ್ಗರಿಸುತ್ತಾರೆ. ಇಲ್ಲಿರುವ ಅಂಕಿಗಳು ನೆನಪಿನಿಂದ ಬರೆದವು, ದುಂಡಗೆ ಮಾಡಿದವು. ಅನುಪಾತಕ್ಕೆ ಅದರಿಂದ ಧಕ್ಕೆಯಿಲ್ಲ.

ಒಂದು ಸಾಲಿಗೆ ಒಂದು ಪಂದ್ಯ. ಟೂರ್ನಿಯನ್ನು ಎಂದೂ ಸಾಲಾಗಿ ಬರೆಯಬೇಡಿ. ಕಾಲಂಗಳು ಇವು: ನೋಡುವವರ ದೇಶದ ಗಡಿಯಾರದಲ್ಲಿ ಕಿಕ್‌ಆಫ್ (ಪಂದ್ಯ ಶುರುವಾಗುವ ಹೊತ್ತು), ವಾರದ ಯಾವ ದಿನ, ಆ ದೇಶದ ತಂಡ ಕಣದಲ್ಲಿದೆಯೇ, ಚಾನೆಲ್ ಉಚಿತವೇ, ಯಾವ ಭಾಷೆ, ಅದೇ ದಿನ ಬೇರೆ ದೊಡ್ಡ ಪಂದ್ಯ ಇತ್ತೇ. ಕೊನೆಯ ಕಾಲಂ ಅತಿಯಾಯಿತು ಎನ್ನುವವರಿಗೆ 2019ರ ಜುಲೈ 7 ಸಾಕು. ಲಿಯೋನ್‌ನಲ್ಲಿ ಮಹಿಳಾ ವಿಶ್ವಕಪ್ ಫೈನಲ್, ರಿಯೋದಲ್ಲಿ ದಕ್ಷಿಣ ಅಮೆರಿಕದ ಪುರುಷರ ಕೋಪಾ ಅಮೆರಿಕ ಫೈನಲ್, ಶಿಕಾಗೋದಲ್ಲಿ ಉತ್ತರ ಅಮೆರಿಕದ ಪುರುಷರ ಗೋಲ್ಡ್ ಕಪ್ ಫೈನಲ್, ಮೂರೂ ಒಂದೇ ಭಾನುವಾರ. ಅಮೆರಿಕದ ಮಹಿಳಾ ತಂಡವೂ ಪುರುಷರ ತಂಡವೂ ಅಂದೇ ಫೈನಲ್ ಆಡಿದವು.

ಗಡಿಯಾರದ ತೂಕ ಎಷ್ಟೆಂದು ನೋಡಲು 2023ರ ಮಹಿಳಾ ವಿಶ್ವಕಪ್‌ನಷ್ಟು ಒಳ್ಳೆಯ ಪ್ರಯೋಗ ಇನ್ನೊಂದಿಲ್ಲ. ಅಮೆರಿಕ–ನೆದರ್ಲೆಂಡ್ಸ್ ಪಂದ್ಯ ವೆಲಿಂಗ್ಟನ್‌ನಲ್ಲಿ ಮಧ್ಯಾಹ್ನ 1ಕ್ಕೆ. ನ್ಯೂಯಾರ್ಕ್‌ನಲ್ಲಿ ಆಗ ಹಿಂದಿನ ರಾತ್ರಿ 9. ಫಾಕ್ಸ್ ಚಾನೆಲ್‌ಗೆ ಸುಮಾರು 64 ಲಕ್ಷ ವೀಕ್ಷಕರು. ವಾರದೊಳಗೆ ಅದೇ ತಂಡ, ಅದೇ ಗುಂಪಿನಲ್ಲಿ, ಆಕ್ಲೆಂಡ್‌ನಲ್ಲಿ ಪೋರ್ಚುಗಲ್ ವಿರುದ್ಧ ಸಂಜೆ 7ಕ್ಕೆ ಆಡಿತು. ನ್ಯೂಯಾರ್ಕ್‌ನಲ್ಲಿ ಬೆಳಗಿನ ಜಾವ 3 ಗಂಟೆ. ವೀಕ್ಷಕರು 13–14 ಲಕ್ಷ. ಆಟಗಾರ್ತಿಯರು ಬದಲಾಗಿಲ್ಲ, ಆಸಕ್ತಿ ಇಳಿದಿಲ್ಲ, ಮುಂದಿನ ಸುತ್ತು ಆ ಪಂದ್ಯದ ಮೇಲೇ ನಿಂತಿತ್ತು. ಆದರೂ ಐದರಲ್ಲಿ ನಾಲ್ಕು ಪಾಲು ಮಾಯ. ಇಷ್ಟು ದೊಡ್ಡ ಏರಿಳಿತವನ್ನು ಕಳೆಯದೆ ‘ಮಹಿಳಾ ಪಂದ್ಯ ಯಾರೂ ನೋಡುವುದಿಲ್ಲ’ ಎಂದರೂ ತಪ್ಪು, ‘ಎಲ್ಲರೂ ನೋಡುತ್ತಾರೆ’ ಎಂದರೂ ತಪ್ಪು.

ಹಾಗಾಗಿ ಜೋಡಿ ಕಟ್ಟಬೇಕು. 2018ರ ಪುರುಷರ ವಿಶ್ವಕಪ್ ಫೈನಲ್ ಅಮೆರಿಕದಲ್ಲಿ ಭಾನುವಾರ ಬೆಳಿಗ್ಗೆ 11ಕ್ಕೆ, 2019ರ ಮಹಿಳೆಯರ ಫೈನಲ್ ಕೂಡ ಭಾನುವಾರ ಬೆಳಿಗ್ಗೆ 11ಕ್ಕೆ, ಎರಡೂ ಫಾಕ್ಸ್‌ನಲ್ಲಿ. ಮೊದಲನೆಯದಕ್ಕೆ ಸುಮಾರು 1.1 ಕೋಟಿ, ಎರಡನೆಯದಕ್ಕೆ 1.4 ಕೋಟಿ. ಮುಖ್ಯ ವ್ಯತ್ಯಾಸ: 2019ರಲ್ಲಿ ಅಮೆರಿಕವೇ ಆಡುತ್ತಿತ್ತು, 2018ರಲ್ಲಿ ಅದು ಅರ್ಹತೆಯನ್ನೇ ಪಡೆದಿರಲಿಲ್ಲ. ತವರು ತಂಡವಿದ್ದರೆ ಎಷ್ಟು ಕಳೆಯಬೇಕು ಎಂಬ ನನ್ನ ಗುಣಕ ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡಿನ ಗುಟ್ಟು ಅದು. ಇಂಗ್ಲೆಂಡಿಗೂ ಅಮೆರಿಕಕ್ಕೂ ಒಂದೇ ಗುಣಕ ಹಾಕಬೇಡಿ ಎಂಬಷ್ಟು ಹೇಳಬಲ್ಲೆ.

ಭಾಷೆಯ ಕಾಲಂ ಮರೆತರೂ ಎಡವಟ್ಟು. 2015ರ ಮಹಿಳಾ ಫೈನಲ್ ಅಮೆರಿಕದ ಇಂಗ್ಲಿಷ್ ಚಾನೆಲ್‌ನಲ್ಲಿ 2.54 ಕೋಟಿ, 2014ರ ಪುರುಷರದ್ದು 1.73 ಕೋಟಿ. ಈ ಒಂದು ಸಾಲು ವರ್ಷಗಟ್ಟಲೆ ಓಡಿತು. ಸ್ಪ್ಯಾನಿಷ್ ಸೇರಿಸಿ ನೋಡಿ: 2014ಕ್ಕೆ 92 ಲಕ್ಷ ಕೂಡುತ್ತದೆ, 2015ಕ್ಕೆ ಬರೀ 13 ಲಕ್ಷ. ಆಗ 2.65 ಕೋಟಿ, 2.67 ಕೋಟಿ. ಹೆಚ್ಚುಕಡಿಮೆ ಸಮ. ಅದೂ ಒಂದು ಮಧ್ಯಾಹ್ನ 3ಕ್ಕೆ, ಇನ್ನೊಂದು ಸಂಜೆ 7ಕ್ಕೆ!

ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಕೊಡುವ ಜಾಗತಿಕ ಅಂಕಿಯಲ್ಲಿ ಒಂದು ಗುಂಡಿ ಇದೆ, ಬಹಳ ಮಂದಿ ಬೀಳುತ್ತಾರೆ. 2018ರ ಪುರುಷರ ಫೈನಲ್‌ಗೆ 112 ಕೋಟಿ. 2019ರ ಮಹಿಳಾ ವಿಶ್ವಕಪ್‌ಗೆ 112 ಕೋಟಿ. ಸಂಖ್ಯೆ ಅದೇ. ಆದರೆ ಒಂದು ಬರೀ ಒಂದು ಪಂದ್ಯದ್ದು, ಇನ್ನೊಂದು 52 ಪಂದ್ಯಗಳ ಇಡೀ ಟೂರ್ನಿಯದು. ಎರಡೂ ‘ತಲುಪಿದವರ’ ಲೆಕ್ಕ, ಸ್ವಲ್ಪ ಹೊತ್ತು ಕಣ್ಣಾಡಿಸಿ ಚಾನೆಲ್ ಬದಲಿಸಿದವರೂ ಸೇರುತ್ತಾರೆ. ಹಿಡಿಯಬೇಕಾದ್ದು ಫೈನಲ್‌ನ ಸರಾಸರಿ ನೇರ ವೀಕ್ಷಣೆ: 51.7 ಕೋಟಿಗೆ 8.2 ಕೋಟಿ. ಆರೂ ಚಿಲ್ಲರೆ ಪಟ್ಟು ಅಂತರ. ಅದೇ ಎರಡು ಕಪ್‌ಗಳ ಬಹುಮಾನ ಮೊತ್ತ 40 ಕೋಟಿ ಡಾಲರ್, 3 ಕೋಟಿ ಡಾಲರ್. ಹದಿಮೂರು ಪಟ್ಟು! ವೀಕ್ಷಕರ ಅಂತರದ ಎರಡರಷ್ಟು ದುಡ್ಡಿನ ಅಂತರ ಎಂದು ಶೀಟು ಹೇಳಿದಾಗಲೇ ಅನುಮಾನಿಸಿದವರ ಬಾಯಿ ಕಟ್ಟಿದ್ದು. 2022–23ಕ್ಕೆ ಅದು 44 ಮತ್ತು 11 ಕೋಟಿ, ನಾಲ್ಕು ಪಟ್ಟಿಗೆ ಇಳಿಯಿತು.

ಇನ್ನು ಆದಾಯ. ಇದು ನಿಜಕ್ಕೂ ತಲೆನೋವು. ಅಮೆರಿಕದ ಫುಟ್‌ಬಾಲ್ ಫೆಡರೇಷನ್ ಲೆಕ್ಕಪತ್ರದಿಂದ ಎರಡು ತದ್ವಿರುದ್ಧ ವಾದ ಹುಟ್ಟಿದವು, ಎರಡೂ ಸರಿ. 2016ರಿಂದ 2018ರ ಹಣಕಾಸು ವರ್ಷಗಳಲ್ಲಿ ಮಹಿಳಾ ಪಂದ್ಯಗಳಿಂದ 5.08 ಕೋಟಿ ಡಾಲರ್, ಪುರುಷರದ್ದರಿಂದ 4.99 ಕೋಟಿ. 2009ರಿಂದ 2019ರವರೆಗೆ ಹಿಡಿದರೆ ಮಹಿಳೆಯರದ್ದು 10.1 ಕೋಟಿ, ಪುರುಷರದ್ದು 18.6 ಕೋಟಿ. ಮೊದಲ ಅವಧಿಯಲ್ಲಿ 2015ರ ವಿಶ್ವಕಪ್ ಗೆಲುವಿನ ನಂತರದ ವಿಜಯ ಪ್ರವಾಸ ಇದೆ, ಕಾರಣ ಅಲ್ಲಿನ ಲೆಕ್ಕದ ವರ್ಷ ಏಪ್ರಿಲ್‌ಗೆ ಶುರು. ಎರಡನೆಯದರಲ್ಲಿ ಮಹಿಳೆಯರು 238 ಪಂದ್ಯ ಆಡಿದ್ದಾರೆ, ಪುರುಷರು 191. ಪಂದ್ಯಕ್ಕೆ ಭಾಗಿಸಿದರೆ 4.25 ಲಕ್ಷ ಮತ್ತು 9.72 ಲಕ್ಷ ಡಾಲರ್. ಯಾವ ವರ್ಷದಿಂದ ಯಾವ ವರ್ಷಕ್ಕೆ ಎಂದು ಕೇಳದೆ ಯಾರ ಅಂಕಿಯನ್ನೂ ಶೀಟಿಗೆ ಸೇರಿಸಬೇಡಿ.

ಅದರಲ್ಲೂ ಇದು ಪಂದ್ಯದ ಆದಾಯ, ಅಂದರೆ ಮುಖ್ಯವಾಗಿ ಟಿಕೆಟ್. ಪ್ರಾಯೋಜಕತ್ವ ಮತ್ತು ಪ್ರಸಾರ ಹಕ್ಕನ್ನು ಎರಡೂ ತಂಡಗಳಿಗೆ ಒಟ್ಟಾಗಿ ಮಾರಿದ್ದರು, ಪುರುಷರ ಲೀಗ್ ಎಂಎಲ್‌ಎಸ್ ಅನ್ನೂ ಅದೇ ಮೂಟೆಗೆ ಕಟ್ಟಿ. ಅದನ್ನು ಹಂಚಲು ಹೋಗಬೇಡಿ, ‘ಹಂಚಲಾಗದ್ದು’ ಅಂತ ಬೇರೆ ಕಾಲಂ ಇಡಿ. ಫಿಫಾ ಕಡೆಯೂ ಇದೇ ಕತೆ: ಮಹಿಳಾ ವಿಶ್ವಕಪ್ ಹಕ್ಕನ್ನು ಬಿಡಿಯಾಗಿ ಮಾರಿದ್ದು 2023ಕ್ಕೇ ಮೊದಲು. ಅದಕ್ಕೂ ಹಿಂದಿನ ‘ಮಹಿಳಾ ವಿಶ್ವಕಪ್ ಆದಾಯ’ ಎಂಬುದೆಲ್ಲ ಅಂದಾಜು. ಬಿಡಿಯಾಗಿ ಮಾರಹೊರಟಾಗ ಏನಾಯಿತು? ವೀಕ್ಷಣೆ ಪುರುಷರದ್ದರ ಶೇ 50–60 ಇದ್ದರೂ ಯುರೋಪಿನ ಐದು ದೊಡ್ಡ ದೇಶಗಳ ಪ್ರಸಾರಕರು ಪುರುಷರಿಗೆ 10–20 ಕೋಟಿ ಡಾಲರ್ ಕೊಡುವವರು ಇದಕ್ಕೆ 10 ಲಕ್ಷದಿಂದ 1 ಕೋಟಿ ಮಾತ್ರ ಹೇಳಿದರು ಎಂದು ಫಿಫಾ ಅಧ್ಯಕ್ಷ ಇನ್ಫಾಂಟಿನೊ ಬಹಿರಂಗವಾಗಿಯೇ ಗೊಣಗಿದರು. ಕಿಕ್‌ಆಫ್ ಯುರೋಪಿನಲ್ಲಿ ಬೆಳಿಗ್ಗೆ ಎಂಬುದು ಬೆಲೆ ಕುಗ್ಗಿಸುವವರ ಕೈಗೆ ಸಿಕ್ಕ ನೆಪ. ಅಂದಹಾಗೆ ಡಾಲರನ್ನು ರೂಪಾಯಿಗೆ ತಿರುಗಿಸಬೇಡಿ. 2015 ಮತ್ತು 2023ರ ವಿನಿಮಯ ದರವೇ ಬೆಳವಣಿಗೆಯಂತೆ ಕಂಡುಬಿಡುತ್ತದೆ.

ಪಕ್ಕದ ಪ್ರಯೋಗ ಒಂದು, ಕ್ರೀಡಾಂಗಣದ ಪ್ರೇಕ್ಷಕರದ್ದು. 2022ರ ಪುರುಷರ ಕಪ್, 2023ರ ಮಹಿಳೆಯರ ಕಪ್ ಎರಡಕ್ಕೂ 64 ಪಂದ್ಯ. ಒಟ್ಟು 34 ಲಕ್ಷ ಮತ್ತು 19.8 ಲಕ್ಷ, ಶೇ 58. ಆದರೆ ಕ್ರೀಡಾಂಗಣದಲ್ಲಿ ಇರುವ ಕುರ್ಚಿಗಿಂತ ಹೆಚ್ಚು ಜನ ಹಿಡಿಸುವುದಿಲ್ಲವಲ್ಲ. ಆಸ್ಟ್ರೇಲಿಯಾ–ಐರ್ಲೆಂಡ್ ಪಂದ್ಯವನ್ನು ಸಿಡ್ನಿಯ ಸಣ್ಣ ಅಂಗಣದಿಂದ ಸ್ಟೇಡಿಯಂ ಆಸ್ಟ್ರೇಲಿಯಾಕ್ಕೆ ಸಾಗಿಸಿದ್ದಕ್ಕೆ 75,784 ಮಂದಿ ಬಂದರು. ಸಾಗಿಸದಿದ್ದರೆ ಅದರಲ್ಲಿ ದೊಡ್ಡ ಪಾಲು ಹೊರಗೇ ಉಳಿಯುತ್ತಿತ್ತು, ‘ಬೇಡಿಕೆ ಇಷ್ಟೇ’ ಎಂದು ನಾವು ಬರೆಯುತ್ತಿದ್ದೆವು.

ನಮ್ಮ ದೇಶದ ಅಂಕಿ ಹಾಕಲು ನೋಡಿದ್ದು ಕೈಗೂಡಲಿಲ್ಲ. 2022ರ ಫೈನಲ್ ನಮಗೆ ರಾತ್ರಿ 8.30ಕ್ಕೆ, ಜಿಯೋಸಿನಿಮಾದಲ್ಲಿ ಪುಕ್ಕಟೆ. 2023ರದ್ದು ಮಧ್ಯಾಹ್ನ 3.30ಕ್ಕೆ, ಫ್ಯಾನ್‌ಕೋಡ್ ಮತ್ತು ಡಿಡಿ ಸ್ಪೋರ್ಟ್ಸ್‌ನಲ್ಲಿ. ಹೊತ್ತೂ ಬೇರೆ, ವೇದಿಕೆಯೂ ಬೇರೆ, ಜೋಡಿಯೇ ಆಗುವುದಿಲ್ಲ.

ಒಳ್ಳೆಯ ಜೋಡಿ ಎಂದರೆ 2026 ಮತ್ತು 2027. ಪುರುಷರದ್ದು ಉತ್ತರ ಅಮೆರಿಕದಲ್ಲಿ, ಮಹಿಳೆಯರದ್ದು ಬ್ರೆಜಿಲ್‌ನಲ್ಲಿ. ನ್ಯೂಯಾರ್ಕ್‌ಗೂ ರಿಯೋಗೂ ಜುಲೈನಲ್ಲಿ ಒಂದೇ ಗಂಟೆ ವ್ಯತ್ಯಾಸ. ಒಂದು 104 ಪಂದ್ಯ, ಇನ್ನೊಂದು 64, ಆದ್ದರಿಂದ ಒಟ್ಟು ಮೊತ್ತ ಮುಟ್ಟಬೇಡಿ. ಕೊನೆಯ 16ರ ಸುತ್ತಿನಿಂದ ಮುಂದಿನ ಪಂದ್ಯಗಳನ್ನಷ್ಟೇ ತೆಗೆದುಕೊಂಡು, ವಾರ ಮತ್ತು ಗಂಟೆ ಹೊಂದುವವನ್ನು ಜೋಡಿ ಮಾಡಿ, ಸ್ಪ್ಯಾನಿಷ್ ಚಾನೆಲ್ ಸೇರಿಸಿಯೇ.