ಅರ್ಧ ಬಾಯಲ್ಲಿ ರೈಟ್ ರೈಟ್

2024ರ ಸಂಕ್ರಾಂತಿ ಕಳೆದು ಎರಡು ದಿನ ಆಗಿತ್ತು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಲ್ಲುಜ್ಜಿ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆ ತುಟಿಯ ಸಂದಿಯಿಂದ ಸುರಿದು ಬನಿಯನ್ ಒದ್ದೆಯಾಯಿತು. ನಿದ್ದೆಗಣ್ಣು ಅಂದುಕೊಂಡು ಇನ್ನೊಂದು ಸಲ ಮುಕ್ಕಳಿಸಿದೆ. ಮತ್ತೆ ಅದೇ. ಕಾಫಿ ಕುಡಿಯೋಕೆ ಹೋದರೆ ಅರ್ಧ ಕಾಫಿ ಗಲ್ಲದ ಮೇಲೆ. ಆಗ ಹೆಂಡತಿ ಲೈಟ್ ಹಾಕಿ ನನ್ನ ಮುಖ ನೋಡಿದಳು. ಅವಳು ಕಿರುಚಿದ್ದಕ್ಕೆ ಪಕ್ಕದ ಮನೆಯ ನಾಯಿ ಬೊಗಳೋಕೆ ಶುರು ಮಾಡಿತು.

ನಾನು ಸಾರಿಗೆ ಬಸ್ಸಿನ ಕಂಡಕ್ಟರ್. ಚಿಕ್ಕಮಗಳೂರಿನಿಂದ ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರ, ಬಾಳೂರು, ಕಳಸ, ಅಲ್ಲಿಂದ ಹೊರನಾಡು. ಇದು ನನ್ನ ರೂಟು. ವಯಸ್ಸು ಆಗ 47. ಇಪ್ಪತ್ತು ವರ್ಷದಿಂದ ನನ್ನ ಹೊಟ್ಟೆ ತುಂಬಿಸಿದ್ದು ಈ ಬಾಯಿ. ಅದೇ ಒಂದು ಬೆಳಿಗ್ಗೆ ಬಲಗಡೆಗೆ ಸೊಟ್ಟಗೆ ಎಳೆದುಕೊಂಡು ನಿಂತಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ. ಎಡಗೆನ್ನೆ ಒದ್ದೆ ಬಟ್ಟೆ ನೇತು ಹಾಕಿದ ಹಾಗೆ ಜೋತು ಬಿದ್ದಿತ್ತು.

ಲಕ್ವಾ ಹೊಡೆದಿದೆ ಅಂತ ಎಲ್ಲರೂ ಅಂದರು. ನಾನೂ ಅದನ್ನೇ ಅಂದುಕೊಂಡೆ, ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಪಿಎಫ್ ಎಷ್ಟಿದೆ, ಮಗಳ ಓದಿಗೆ ಎಷ್ಟು ಬೇಕು ಅಂತ ಲೆಕ್ಕ ಹಾಕುತ್ತಾ ಕೂತಿದ್ದೆ. ಡಾಕ್ಟರ್ ಮೊದಲು ಕೇಳಿದ್ದು ಒಂದೇ. "ಎರಡೂ ಹುಬ್ಬು ಮೇಲೆ ಎತ್ತಿ ನೋಡೋಣ." ಬಲಗಡೆ ಹಣೆಯಲ್ಲಿ ಗೆರೆ ಬಿತ್ತು, ಎಡಗಡೆ ಹಣೆ ನುಣ್ಣಗೆ ಹಾಗೇ ಇತ್ತು. ಕೈಕಾಲು ಎತ್ತಿಸಿ, ನಡೆಸಿ, ಎಲ್ಲ ನೋಡಿ, ಇದು ಮಿದುಳಿನ ಸ್ಟ್ರೋಕ್ ಅಲ್ಲ, ಬೆಲ್ಸ್ ಪಾಲ್ಸಿ ಅಂದರು. ಸ್ಟ್ರೋಕ್ ಆದರೆ ಸಾಮಾನ್ಯವಾಗಿ ಹಣೆಯ ಗೆರೆ ಉಳಿದಿರುತ್ತಂತೆ, ಬಾಯಿ ಮಾತ್ರ ವಾಲುತ್ತಂತೆ. ಹಾಗಂತ ಯಾರೂ ಕನ್ನಡಿ ಮುಂದೆ ಹುಬ್ಬು ಎತ್ತಿ ನೋಡಿ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಮುಖ ಸೊಟ್ಟಗಾದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಿ. ಇದಕ್ಕೆ ಕೊಡುವ ಸ್ಟೀರಾಯ್ಡ್ ಮಾತ್ರೆಯನ್ನೂ 72 ಗಂಟೆ ಒಳಗೆ ಶುರು ಮಾಡಿದರೇ ಚೆನ್ನ.

ಮಿದುಳಿನಿಂದ ಮುಖದ ಸ್ನಾಯುಗಳಿಗೆ ಹೋಗುವ ಏಳನೇ ನರ ಕಿವಿಯ ಹಿಂದೆ ಮೂಳೆಯ ಒಂದು ಕಿರಿದಾದ ಕೊಳವೆಯಲ್ಲಿ ಹಾದು ಬರುತ್ತೆ. ಅದು ಊದಿಕೊಂಡರೆ ಆ ಜಾಗದಲ್ಲಿ ಸಿಕ್ಕಿ ಹಿಸುಕಿದ ಹಾಗಾಗುತ್ತೆ, ಆ ಕಡೆಯ ಮುಖ ಮಾತು ಕೇಳಲ್ಲ. ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ ಅನ್ನೋ ಸರ್ಜನ್ ಸುಮಾರು ಇನ್ನೂರು ವರ್ಷದ ಹಿಂದೆ ಈ ನರದ ಬಗ್ಗೆ ಬರೆದಿದ್ದರಿಂದ ಅವರ ಹೆಸರೇ ಉಳಿದಿದೆ. ಮಗಳು ಇದನ್ನು ಓದಿ ಹೇಳಿ, "ಅಪ್ಪಾ, ಕಂಡಕ್ಟರಿಗೆ ಬೆಲ್ ಕಾಯಿಲೆ ಬರದೆ ಇನ್ನೇನು ಬರುತ್ತೆ" ಅಂದಳು. ಆವತ್ತು ನನಗೆ ನಗು ಬರಲಿಲ್ಲ. ಅವಳ ಮೇಲೆ ಸಿಟ್ಟು ಬಂತು.

ಮೊದಲ ಹನ್ನೆರಡು ದಿನ ನಾನು ಮನೆ ಬಿಟ್ಟು ಹೊರಗೆ ಬರಲಿಲ್ಲ. ಬಚ್ಚಲಿನ ಕನ್ನಡಿಗೆ ಟವೆಲ್ ಹಾಕಿದೆ. ರಾತ್ರಿ ಕಣ್ಣಿಗೆ ಮುಲಾಮು ಹಚ್ಚಿ ರೆಪ್ಪೆಗೆ ಟೇಪು ಅಂಟಿಸಿ ಮಲಗಬೇಕು, ಇಲ್ಲದಿದ್ದರೆ ನಿದ್ದೆಯಲ್ಲೂ ಕಣ್ಣು ಅರ್ಧ ತೆರೆದಿದ್ದು ಒಣಗಿ ಹೋಗುತ್ತೆ. ಊಟಕ್ಕೆ ಕೂತರೆ ಅನ್ನ ಎಡದವಡೆಯಲ್ಲೇ ಉಳಿದುಬಿಡುತ್ತೆ, ಬೆರಳು ಹಾಕಿ ತೆಗೀಬೇಕು. ಹಬ್ಬದ ಎಳ್ಳಿನ ಒಂದು ಕಾಳು ಒಂದು ಇಡೀ ದಿನ ಅಲ್ಲೇ ಕೂತಿತ್ತು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅಂತ ಡಿಪೋದಲ್ಲೆಲ್ಲ ಹಂಚಿದ್ದು ನಾನೇ, ಎರಡೇ ದಿನಕ್ಕೆ ನನ್ನ ಮಾತೇ ಹೋಗಿತ್ತು.

ನೋಡೋಕೆ ಬಂದವರು ಎರಡು ಥರ. ಒಂದು, ಬಾಗಿಲಲ್ಲೇ "ಅಯ್ಯೋ" ಅಂತ ಶುರು ಮಾಡಿ, ಅವರ ದೊಡ್ಡಪ್ಪನಿಗೆ ಹೀಗೇ ಆಗಿ ಆಮೇಲೆ ಎದ್ದೇಳಲೇ ಇಲ್ಲ ಅಂತ ಹೇಳಿ ಕಾಫಿ ಕುಡಿದು ಹೋಗುವವರು. ಇನ್ನೊಂದು, ಔಷಧಿ ಹೇಳುವವರು. ಪಾರಿವಾಳದ ರಕ್ತ ಹಚ್ಚಬೇಕು ಅಂತ ಒಬ್ಬರು ಅಂದರು, ಕುಡಿಯಬೇಕು ಅಂತ ಇನ್ನೊಬ್ಬರು. ಎಲ್ಲರೂ ಒಳ್ಳೆಯದಕ್ಕೇ ಹೇಳುತ್ತಿದ್ದರು, ಗೊತ್ತು. ಆದರೆ ಅವರು ಹೋದ ಮೇಲೆ ನಾನು ಇನ್ನಷ್ಟು ಸೊಟ್ಟಗಾದ ಹಾಗೆ ಅನಿಸುತ್ತಿತ್ತು.

ಹದಿಮೂರನೇ ದಿನ ಡ್ರೈವರಣ್ಣ ಬಂದ. ನನಗಿಂತ ಮೂರು ವರ್ಷ ದೊಡ್ಡವನು, ಐದಾರು ವರ್ಷದಿಂದ ಕೇಳಿ ಕೇಳಿ ಒಂದೇ ಶೆಡ್ಯೂಲ್ ಹಾಕಿಸಿಕೊಂಡವರು ನಾವು. ನೈಟ್ ಹಾಲ್ಟಿನಲ್ಲಿ ಒಂದೇ ಬಸ್ಸಿನಲ್ಲಿ ಎಷ್ಟು ರಾತ್ರಿ ಮಲಗಿದ್ದೇವೋ ಲೆಕ್ಕವಿಲ್ಲ. ಬಂದವನು ಅಯ್ಯೋ ಅನ್ನಲಿಲ್ಲ. ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತು, ಗಾಡಿಯ ಟೈರ್ ನೋಡುವ ಹಾಗೆ ನನ್ನ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ಅಲೈನ್‌ಮೆಂಟ್ ಹೋಗಿದೆ ಅಷ್ಟೇ" ಅಂದ.

ಪಾರಿವಾಳದ ವಿಷಯ ಹೆಂಡತಿ ಹೇಳಿದಳು. "ಬೇಡಮ್ಮ, ಅದನ್ನ ಕುಡಿದು ಇವನು ಡಿಪೋ ಛಾವಣಿ ಮೇಲೆ ಹೋಗಿ ಕೂತರೆ ಯಾರು ಇಳಿಸೋದು" ಅಂದ. ಕಣ್ಣು ಮುಚ್ಚಲ್ಲ ಅನ್ನೋದು ಗೊತ್ತಾದ ಮೇಲಂತೂ, "ಒಳ್ಳೇದೇ ಆಯ್ತು, ಇನ್ನು ಡ್ಯೂಟಿಯಲ್ಲಿ ನಿದ್ದೆ ಮಾಡಿದರೂ ಚೆಕಿಂಗಿನವರಿಗೆ ಗೊತ್ತಾಗಲ್ಲ" ಅಂತ ಶುರು ಮಾಡಿದ. ಹನ್ನೆರಡು ದಿನದ ಸಿಟ್ಟೆಲ್ಲ ಒಟ್ಟಿಗೆ ಬಂತು. ಬಾಯಿ ಮುಚ್ಚೋ ಅಂತ ಕೂಗಿದೆ. ತುಟಿ ಸೇರದಿದ್ದರೆ ಬ, ಮ ಎಲ್ಲಿ ಬರುತ್ತೆ? "ವಾಯಿ ವುಚ್ಚೋ" ಅಂತ ಬಂತು.

ಅವನು ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಮೆಲ್ಲಗೆ, "ನಿನ್ನದೇ ಮುಚ್ತಾ ಇಲ್ಲ, ನನಗೆ ಹೇಳ್ತೀಯಲ್ಲೋ ಮಾರಾಯ" ಅಂದ.

ಅಡುಗೆಮನೆಯಿಂದ ಹೆಂಡತಿ ನಕ್ಕಿದ್ದು ಕೇಳಿಸಿತು. ತಡೆದು ತಡೆದು ಕೊನೆಗೆ ತಡೆಯೋಕಾಗದೆ ನಕ್ಕಿದ್ದು. ಹನ್ನೆರಡು ದಿನ ಅವಳೂ ನಕ್ಕಿರಲಿಲ್ಲ ಅಂತ ನನಗೆ ಗೊತ್ತಾಗಿದ್ದು ಆಗ. ನನಗೂ ನಗು ಬಂತು. ಅರ್ಧ ಮುಖ ನಗುತ್ತೆ, ಇನ್ನರ್ಧ ಸಾವಿನ ಮನೆಯಲ್ಲಿ ಕೂತ ಹಾಗೆ ಇರುತ್ತೆ, ಬಾಯಿಂದ ಜೊಲ್ಲು, ಎಡಗಣ್ಣಿಂದ ನೀರು. ನೋಡೋಕೆ ಹೇಗಿತ್ತೋ. ಆದರೆ ಹೊಟ್ಟೆ ಹಿಡಿದುಕೊಂಡು ನಕ್ಕೆವು ಮೂರೂ ಜನ.

ಅಲ್ಲಿಯವರೆಗೆ ನಾನು ಅಂದುಕೊಂಡಿದ್ದು, ಮುಖ ಸರಿಯಾಗಲಿ, ಆಮೇಲೆ ನಗೋಣ, ಆಮೇಲೆ ಜನರ ಮುಂದೆ ಹೋಗೋಣ ಅಂತ. ಆವತ್ತು ರಾತ್ರಿ ಕನ್ನಡಿಯ ಟವೆಲ್ ತೆಗೆದೆ. ಫಿಸಿಯೋಥೆರಪಿಯವರು ಹೇಳಿಕೊಟ್ಟಿದ್ದ ವ್ಯಾಯಾಮ ಶುರು ಮಾಡಿದ್ದೂ ಆವತ್ತಿನಿಂದಲೇ. ಕನ್ನಡಿ ನೋಡುತ್ತಾ ಹುಬ್ಬು ಎತ್ತೋದು, ಮೂಗು ಸುಕ್ಕು ಮಾಡೋದು, ತುಟಿ ಮುಂದೆ ತರೋದು, ಸಣ್ಣಗೆ ನಗೋದು. ಇಲ್ಲಿ ಒಂದು ಮಾತು ನೆನಪಿರಲಿ, ಜೋರಾಗಿ ಎಳೆದು ಮಾಡಬಾರದು. ಬೇಗ ಸರಿಯಾಗಲಿ ಅಂತ ಹಲ್ಲು ಕಚ್ಚಿ ಮಾಡಿದರೆ ಚೆನ್ನಾಗಿರುವ ಕಡೆಯೇ ಇನ್ನಷ್ಟು ಎಳೆಯುತ್ತೆ. ಮೆಲ್ಲಗೆ, ಸ್ವಲ್ಪ ಸ್ವಲ್ಪ, ದಿನಕ್ಕೆ ಎರಡು ಮೂರು ಸಲ. ಬೇಸರದ ಕೆಲಸ, ಸುಳ್ಳು ಹೇಳಲ್ಲ. ಮಗಳು ಪಕ್ಕದಲ್ಲಿ ನಿಂತು ನನ್ನ ಹಾಗೇ ಮುಖ ಮಾಡುತ್ತಿದ್ದಳು, ಅದರಿಂದ ಸಾಗಿತು.

ಪಾರ್ಕಿನ ನಗೆಕೂಟಕ್ಕೆ ಹೋಗು ಅಂತಲೂ ಒಬ್ಬರು ಹೇಳಿದರು. ಮುಂಬೈನಲ್ಲಿ ಮದನ್ ಕಟಾರಿಯಾ ಅನ್ನೋ ಡಾಕ್ಟರು 1995ರಲ್ಲಿ ಐದೇ ಜನರನ್ನು ಸೇರಿಸಿಕೊಂಡು ಪಾರ್ಕಿನಲ್ಲಿ ಶುರು ಮಾಡಿದ್ದು ಈಗ ಎಷ್ಟೋ ದೇಶಕ್ಕೆ ಹೋಗಿದೆಯಂತೆ. ಎರಡು ಭಾನುವಾರ ಹೋದೆ. ಒಳ್ಳೆ ಜನ. ಆದರೆ ಕೈ ಎತ್ತಿ ಹಹಹ ಅನ್ನುವಾಗ ನನ್ನ ಮುಖ ನೋಡಿ ಎದುರಿನವರ ನಗು ನಿಂತು ಹೋಗುತ್ತಿತ್ತು. ಪಾಪ, ಅವರಿಗೆ ಯಾಕೆ ತೊಂದರೆ ಅಂತ ಬಿಟ್ಟೆ. ಬೇರೆಯವರಿಗೆ ಅದು ಆಗಿಬರಬಹುದು, ನನಗೆ ಜಗಳ ಆಡುವಷ್ಟು ಗೊತ್ತಿರುವವರ ಜೊತೆಗೇ ನಗು ಬರೋದು.

ಮಗಳು ಆಮೇಲೆ ಇನ್ನೊಂದು ವಿಷಯ ಹುಡುಕಿ ಹೇಳಿದಳು. ಅಮೆರಿಕದಲ್ಲಿ ರಾಬರ್ಟ್ ಪ್ರೊವೈನ್ ಅನ್ನೋ ವಿಜ್ಞಾನಿ ಜನ ಯಾವಾಗ ನಗುತ್ತಾರೆ ಅಂತ ಕೂತು ನೋಡಿದ್ದಾರೆ. ಒಬ್ಬರೇ ಇದ್ದಾಗಿನದಕ್ಕಿಂತ ಜೊತೆಯಲ್ಲಿದ್ದಾಗ ಸುಮಾರು 30 ಪಟ್ಟು ಜಾಸ್ತಿ ನಗುತ್ತಾರಂತೆ. ಅದರಲ್ಲೂ ಜೋಕಿಗೆ ನಗೋದು ಕಮ್ಮಿ, "ಸರಿ, ಬರ್ತೀನಿ" ಅನ್ನೋ ಥರದ ಸುಮ್ನೆ ಮಾತಿಗೇ ಹೆಚ್ಚು. ಇದಕ್ಕೆ ವಿಜ್ಞಾನಿ ಬೇಕಿರಲಿಲ್ಲ, ಬೆಳಗಿನ ಬಸ್ಸಿನ ಹಿಂದಿನ ಸೀಟಿನಲ್ಲಿ ಒಂದು ವಾರ ಕೂತಿದ್ದರೆ ಸಾಕಿತ್ತು.

ನಾಲ್ಕನೇ ವಾರ ಡ್ಯೂಟಿಗೆ ಹೋದೆ. ಡಾಕ್ಟರು ಒಪ್ಪಿದ್ದರು, ಕಣ್ಣಿಗೆ ಧೂಳು ಹೋಗದ ಹಾಗೆ ಕನ್ನಡಕ ಹಾಕಿಕೊಳ್ಳಿ ಅಂದಿದ್ದರು. ಹಾಗಾಗಿ ಬೆಳಿಗ್ಗೆ ಆರೂವರೆಯ ಮಂಜಿನಲ್ಲಿ ಕೂಲಿಂಗ್ ಗ್ಲಾಸ್ ಹಾಕಿದ ಕಂಡಕ್ಟರ್. ಮೊದಲು ಮಾಸ್ಕ್ ಕೂಡ ಹಾಕಿದ್ದೆ, ಕೊರೋನಾ ಕಾಲದ್ದು ಮನೆಯಲ್ಲಿ ಒಂದು ಡಬ್ಬ ಉಳಿದಿತ್ತು. ಮೂಡಿಗೆರೆ ತಲುಪುವಷ್ಟರಲ್ಲಿ ಅದನ್ನು ಕಿತ್ತು ಜೇಬಿಗೆ ಹಾಕಿದೆ. ಮೊದಲೇ ಅರ್ಧ ಮಾತು, ಮಾಸ್ಕ್ ಒಳಗೆ ಅದೂ ಕೇಳುತ್ತಿರಲಿಲ್ಲ.

ತೊಂದರೆ ಇದ್ದಿದ್ದು ಊರುಗಳದ್ದು. ನಮ್ಮ ರೂಟಿನಲ್ಲಿ ತುಟಿ ಮುಚ್ಚದೆ ಹೇಳೋಕಾಗದ ಊರುಗಳೇ ಮೊದಲು ಸಿಗೋದು. ಮೂಡಿಗೆರೆ. ಬಣಕಲ್. ಮುಂದೆ ಬಾಳೂರು. ಬಣಕಲ್ ಅಂದರೆ "ವಣಕಲ್" ಅಂತ ಗಾಳಿ ಹೋಗುತ್ತಿತ್ತು. ನಾನು ಒದ್ದಾಡೋದನ್ನ ಕನ್ನಡಿಯಲ್ಲಿ ನೋಡಿ ಡ್ರೈವರಣ್ಣನೇ ಮೂಡಿಗೆರೆ, ಬಣಕಲ್ ಕೂಗೋಕೆ ಶುರು ಮಾಡಿದ. "ಕೊಟ್ಟಿಗೆಹಾರ, ಕಳಸ, ಹೊರನಾಡು ನಿನ್ನವು, ತುಟಿ ಬೇಕಾಗಲ್ಲ, ಅದನ್ನ ನೀನು ಕೂಗು" ಅಂತ ಹಂಚಿಕೊಟ್ಟ. ಹೇಳಿ ನೋಡಿ, ನಿಜವಾಗಿ ತುಟಿ ಸೇರೋದೇ ಇಲ್ಲ. ರೈಟ್, ಹೋಲ್ಡಾನ್, ಟಿಕೆಟ್, ಚಿಲ್ಲರೆ ಕೊಡಿ, ಅವಕ್ಕೂ ಬೇಡ. ಕಂಡಕ್ಟರ್ ಕೆಲಸಕ್ಕೆ ಬೇಕಾದ ಮುಖ್ಯ ಮಾತೆಲ್ಲ ಅರ್ಧ ಬಾಯಿಯವನಿಗೇ ಮಾಡಿಟ್ಟ ಹಾಗಿದೆ.

ವಿಸಿಲ್ ಮಾತ್ರ ಆಗಲಿಲ್ಲ. ಊದಿದರೆ ಪುಸ್ ಅನ್ನುತ್ತಿತ್ತು. ಬಸ್ಸಿನ ಮೈ ತಟ್ಟಿ ರೈಟ್ ಅನ್ನುತ್ತಿದ್ದೆ. ಬಣಕಲ್ಲಿನಲ್ಲಿ ಹತ್ತುವ ಹೈಸ್ಕೂಲು ಹುಡುಗರು ಎರಡೇ ದಿನದಲ್ಲಿ ಇದನ್ನು ಕಂಡುಹಿಡಿದರು. ಮೂರನೇ ದಿನದಿಂದ ಬಾಯಿಗೆ ಎರಡು ಬೆರಳು ಹಾಕಿ ಅವರೇ ವಿಸಿಲ್ ಹೊಡೆಯೋದು, ನಾನು ಕೈ ಎತ್ತಿದರೆ ಸಾಕು. ಇಪ್ಪತ್ತು ವರ್ಷ ಇದೇ ವಿಸಿಲ್ಲಿಗೆ ಹುಡುಗರನ್ನು ಬೈದಿದ್ದೆ.

ಆಗ ಶಕ್ತಿ ಯೋಜನೆ ಬಂದು ಏಳೆಂಟು ತಿಂಗಳಾಗಿತ್ತು. 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲ ಅಂದ ಮೇಲೆ ಹೊರನಾಡಿನ ಅಮ್ಮನವರ ದರ್ಶನಕ್ಕೆ ಬಸ್ಸು ತುಂಬಿ ಹೋಗುತ್ತಿತ್ತು. ಅಷ್ಟು ಜನರ ಮುಂದೆ ಈ ಮುಖ. ನಾನೊಂದು ಉಪಾಯ ಮಾಡಿದೆ, ಅವರು ಕೇಳುವ ಮೊದಲೇ ಹೇಳಿಬಿಡೋದು. "ನರದ ತೊಂದರೆ ಅಮ್ಮಾ, ಸರಿ ಆಗುತ್ತೆ, ಅಂಟೋದಲ್ಲ. ಆಧಾರ್ ತೋರಿಸಿ." ಅಷ್ಟೇ. ಕದ್ದು ನೋಡುವವರಿಗೆ ನೋಡೋಕೆ ಏನೂ ಉಳಿಯುತ್ತಿರಲಿಲ್ಲ. ನೂರಕ್ಕೆ ತೊಂಬತ್ತು ಜನ ತಲೆ ಆಡಿಸಿ ಸುಮ್ಮನಾಗುತ್ತಿದ್ದರು. ಉಳಿದವರು ಪಾರಿವಾಳದ ರಕ್ತ ಹೇಳುತ್ತಿದ್ದರು.

ಎಲ್ಲ ತಮಾಷೆಯೂ ಸರಿ ಅಂತ ನಾನು ಹೇಳಲ್ಲ. ಡಿಪೋದಲ್ಲಿ ಒಬ್ಬ ನನ್ನ ಹಿಂದೆ ಬಾಯಿ ಸೊಟ್ಟ ಮಾಡಿ ತೋರಿಸಿ ನಾಲ್ಕು ಜನರನ್ನು ನಗಿಸುತ್ತಿದ್ದ. ಡ್ರೈವರಣ್ಣ ಹೇಳಿದ್ದು ಅದಕ್ಕಿಂತ ಖಾರ ಇರುತ್ತಿತ್ತು, ಆದರೆ ಅವನು ಎದುರಿಗೆ ಕೂತು ಹೇಳುತ್ತಿದ್ದ, ಹೇಳಿದ ಮೇಲೆ ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿನ್ನುವಾಗ ನನ್ನ ಗಲ್ಲದ ಮೇಲೆ ಇಳಿದ ಚಟ್ನಿಯನ್ನು ಯಾರೂ ನೋಡದ ಹಾಗೆ ಕರ್ಚೀಫು ಕೊಡುತ್ತಿದ್ದ.

ಅದೇ ವರ್ಷ ಮಳೆಗಾಲದಲ್ಲಿ ಅವನ ತಾಯಿ ತೀರಿಕೊಂಡರು. ಹದಿನೈದು ದಿನ ಆದ ಮೇಲೆ ಡ್ಯೂಟಿಗೆ ಬಂದ. ನೈಟ್ ಹಾಲ್ಟಿನಲ್ಲಿ ಅವನನ್ನು ನಗಿಸೋಣ ಅಂತ ನಾನೂ ಒಂದು ಮಾತು ಆಡಿದೆ. ಅವನು ನಗಲಿಲ್ಲ. ಹೊದ್ದಿಕೆ ಎಳೆದುಕೊಂಡು ಆ ಕಡೆ ತಿರುಗಿದ. ಛಾವಣಿ ಮೇಲೆ ಮಳೆ ಹೊಡೆಯುತ್ತಿತ್ತು. ನಾನು ಎದುರಿನ ಸೀಟಿನಲ್ಲಿ ಸುಮ್ಮನೆ ಕೂತಿದ್ದೆ, ಎಷ್ಟು ಹೊತ್ತೋ. ಬೆಳಿಗ್ಗೆ ಟೀ ತಂದುಕೊಟ್ಟೆ, ಅಷ್ಟೇ ನನಗೆ ತೋಚಿದ್ದು. ಅವನು ಮತ್ತೆ ನನ್ನ ಮುಖದ ಅಲೈನ್‌ಮೆಂಟ್ ಬಗ್ಗೆ ಮಾತೆತ್ತೋಕೆ ಒಂದು ತಿಂಗಳು ಹಿಡಿಯಿತು. ಎತ್ತಿದ ದಿನ ನನಗೆ ಆದ ಸಮಾಧಾನ ಹೇಳತೀರದು.

ನನ್ನ ತುಟಿ ಮೊದಲ ಸಲ ಅಲುಗಿದ್ದು ಆರನೇ ವಾರ. ಕಣ್ಣು ಮುಚ್ಚೋಕೆ ಎರಡು ತಿಂಗಳು. ವಿಸಿಲ್ ಊದಿದ್ದು ಏಪ್ರಿಲ್ ಕೊನೆಯಲ್ಲಿ, ಪರೀಕ್ಷೆ ಮುಗಿದು ಹುಡುಗರು ಬಸ್ಸಿಗೆ ಬರೋದು ನಿಂತಿತ್ತು, ಹಾಗಾಗಿ ಕೇಳಿದವರು ಯಾರೂ ಇಲ್ಲ. ಹೆಚ್ಚಿನವರಿಗೆ ಇದು ಪೂರ್ತಿ ಸರಿಹೋಗುತ್ತೆ. ನನಗೆ ಒಂದು ಸಣ್ಣ ಲೋಪ ಉಳಿದಿದೆ. ನರ ಮತ್ತೆ ಬೆಳೆಯುವಾಗ ತಂತಿಗಳು ಅದಲು ಬದಲು ಕೂಡಿಕೊಳ್ಳುತ್ತವಂತೆ, ಹಾಗಾಗಿ ನಾನು ನಕ್ಕರೆ ಎಡಗಣ್ಣು ತಾನಾಗಿ ಮುಚ್ಚುತ್ತೆ.

ಮೊನ್ನೆ ಮೂಡಿಗೆರೆಯಲ್ಲಿ ಹೂವಿನ ಬುಟ್ಟಿ ಹಿಡಿದು ಒಬ್ಬರು ಅಜ್ಜಿ ಹತ್ತಿದರು, ಹೊಸಬರು. ಆಧಾರ್ ಹುಡುಕುತ್ತಾ ಬ್ಯಾಗಿನಿಂದ ಎಲೆ ಅಡಿಕೆ, ಮಾತ್ರೆ ಚೀಟಿ, ಅರ್ಧ ಬಾಳೆಹಣ್ಣು ಎಲ್ಲ ತೆಗೆದು ನನ್ನ ಕೈಗೆ ಕೊಡುತ್ತಾ ಹೋದರು. ನನಗೆ ನಗು ತಡೆಯಲಿಲ್ಲ. ಅಜ್ಜಿ ತಲೆ ಎತ್ತಿ ನನ್ನನ್ನೇ ನೋಡಿದರು.

"ಏನಪ್ಪಾ, ಬಸ್ ತುಂಬ ಹುಡುಗೀರು ಕೂತಿದಾರೆ, ನನಗೆ ಕಣ್ಣು ಹೊಡೀತೀಯಲ್ಲೋ" ಅಂದರು.

ಮುಂದೆ ಡ್ರೈವರಣ್ಣ ಗಾಡಿಯನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿಯೇ ಬಿಟ್ಟ. ನಾನು ವಿಸಿಲ್ ಹೊಡೆದಿರಲಿಲ್ಲ.