ಕಮೊಡೋರ್ 64ರಲ್ಲಿ ಸ್ವೀಡಿಷ್ ಅಕ್ಷರ ಮೂಡಿಸುವ ಬಗೆ

ಸ್ವೀಡಿಷ್‌ನಲ್ಲಿ ‘ಫಾರ್’ ಎಂದರೆ ತಂದೆ. ನಡುವಿನ ‘ಎ’ ತಲೆಯ ಮೇಲೆ ಉಂಗುರ ಕೂತರೆ ಅದು ‘ಫೋರ್’, ಅಂದರೆ ಕುರಿ. ಉಂಗುರದ ‘ಎ’, ಚುಕ್ಕೆಯ ‘ಎ’, ಚುಕ್ಕೆಯ ‘ಓ’ ಅಲಂಕಾರಗಳಲ್ಲ. ಆ ವರ್ಣಮಾಲೆಯ ಕೊನೆಯ ಮೂರು ಸ್ವತಂತ್ರ ಅಕ್ಷರಗಳು. ನನ್ನ ಕಮೊಡೋರ್ 64ರಲ್ಲಿ, ಅಂದರೆ 1980ರ ದಶಕದ ಆ ಮನೆಗಣಕದಲ್ಲಿ, ಅವು ಇರಲಿಲ್ಲ. ಚಿಪ್ ಬದಲಿಸದೆ, ಯಂತ್ರದಲ್ಲೇ ಇದ್ದ ಪ್ರೋಗ್ರಾಂ ಭಾಷೆ ಬೇಸಿಕ್‌ನಿಂದಲೇ ಸೇರಿಸಿದೆ.

‘ಪೋಕ್’ ಎಂದರೆ ಒಂದು ಮೆಮೊರಿ ವಿಳಾಸದಲ್ಲಿ ಬೆಲೆ ಬರೆಯುವ ಆಜ್ಞೆ. ಮೊದಲು ಜಾಗ ಕಾಯ್ದಿರಿಸಿ: ಪೋಕ್ 52,48 : ಪೋಕ್ 56,48 : ಸಿಎಲ್‌ಆರ್. ಆಮೇಲೆ ಮೆಮೊರಿಯ 12288ನೇ ವಿಳಾಸದಿಂದ ಆಚೆಗೆ ಬೇಸಿಕ್ ಕೈಹಾಕುವುದಿಲ್ಲ. ಸಣ್ಣಕ್ಷರಗಳ ಗುಚ್ಛ ಓದಲು ಮಾತ್ರ ಬರುವ ಮೆಮೊರಿಯಾದ ರೋಮ್‌ನಲ್ಲಿ 55296ರಿಂದ 2048 ಬೈಟ್ ಇದೆ; ಅದನ್ನು ಅಲ್ಲಿಗೆ ನಕಲಿಸಬೇಕು. ಆದರೆ ಅದು ಇತರ ಚಿಪ್‌ಗಳ ವಿಳಾಸದ ಹಿಂದೆ ಅಡಗಿರುತ್ತದೆ. ಮುಂದೆ ಬರುವ ‘ಆ್ಯಂಡ್’, ‘ಆರ್’ ಬೇಸಿಕ್‌ನ ಬಿಟ್ ಲೆಕ್ಕಗಳು; ಫಲವನ್ನು ಅದೇ ವಿಳಾಸಕ್ಕೆ ಮರಳಿ ಬರೆಯಬೇಕು. 56334ರ ಬೆಲೆಯನ್ನು 254ರೊಂದಿಗೆ ‘ಆ್ಯಂಡ್’ ಮಾಡಿ ಇಂಟರಪ್ಟ್ (ಕೀಲಿಮಣೆ ಓದಲು ನಡುವೆ ಬರುವ ಅಡಚಣೆ) ನಿಲ್ಲಿಸಿ, ನಂತರವೇ 1ನೇ ವಿಳಾಸವನ್ನು 251ರೊಂದಿಗೆ ‘ಆ್ಯಂಡ್’ ಮಾಡಿ. ಈ ಕ್ರಮ ತಪ್ಪಿ ನನ್ನ ಯಂತ್ರ ಒಮ್ಮೆ ಸ್ತಬ್ಧವಾಯಿತು; ಉಳಿಸದ ಪ್ರೋಗ್ರಾಂ ಪೂರ್ತಿ ಹೋಯಿತು. ನಕಲು ಮುಗಿದ ಮೇಲೆ 1ನ್ನು 4ರೊಂದಿಗೆ, 56334ನ್ನು 1ರೊಂದಿಗೆ ‘ಆರ್’ ಮಾಡಿ ಮೊದಲಿನಂತಾಗಿಸಿ. ಇಷ್ಟನ್ನೂ ಸಾಲುಸಂಖ್ಯೆ ಕೊಟ್ಟ ಪ್ರೋಗ್ರಾಂ ಆಗಿಯೇ ಬರೆಯಿರಿ, ನಡುವೆ ಕೀಲಿಮಣೆ ಕೆಲಸ ಮಾಡುವುದಿಲ್ಲ. ಕೊನೆಗೆ ತೆರೆ ಈ ಹೊಸ ಗುಚ್ಛವನ್ನು ಬಳಸುವಂತೆ 53272ರ ಬೆಲೆಯನ್ನು 240ರೊಂದಿಗೆ ‘ಆ್ಯಂಡ್’ ಮಾಡಿ, 12 ಸೇರಿಸಿ.

ಇನ್ನು ಅಕ್ಷರ ಬಿಡಿಸುವುದು. ನನಗೆ ಅತಿ ಪ್ರಿಯವಾದ ಭಾಗವಿದು. ಪ್ರತಿ ಅಕ್ಷರಕ್ಕೆ 8 ಬೈಟ್, ಒಂದೊಂದು ಬೈಟ್ ಒಂದು ಸಾಲು ಬಿಂದುಗಳಿಗೆ; ವಿಳಾಸ 12288 ಕೂಡಿಸು ಗುಚ್ಛದಲ್ಲಿ ಆ ಅಕ್ಷರದ ಸಂಖ್ಯೆ×8. ಸಣ್ಣಕ್ಷರಗಳನ್ನು 27, 28, 29ರಲ್ಲಿ, ದೊಡ್ಡಕ್ಷರಗಳನ್ನು 91, 92, 93ರಲ್ಲಿ ಇಡಿ. ಉಳಿದ ಅಕ್ಷರಗಳಲ್ಲೂ ಅಂತರ 64 ಆಗಿದೆ. ದೊಡ್ಡ ಉಂಗುರದ ‘ಎ’ಗೆ 24, 36, 24, 60, 102, 126, 102, 0. ಮೈ ಕುಗ್ಗಿದರೂ ಉಂಗುರ ಪೂರ್ಣವಾಗಿ ಮೂಡುತ್ತದೆ. ಉಂಗುರವನ್ನು ಚುಕ್ಕೆಯಾಗಿಸಲು ನಾನು ಒಪ್ಪುವುದಿಲ್ಲ. ಸಣ್ಣ ಚುಕ್ಕೆಯ ‘ಎ’ಗೆ ‘ಎ’ಯ ಬೈಟುಗಳನ್ನೇ ತೆಗೆದುಕೊಂಡು ಮೊದಲನೆಯದನ್ನು 102 ಮಾಡಿದರೆ ಸಾಕು.

ಹಲವರು ಮರೆಯುವ ಒಂದು ಸಂಗತಿ: ಮಿನುಗುವ ಕರ್ಸರ್ 128 ಹೆಚ್ಚಿನ ಸಂಖ್ಯೆಯ ಬಣ್ಣ ಅದಲುಬದಲಾದ ರೂಪವನ್ನು ತೋರಿಸುತ್ತದೆ. 155ರಿಂದ 157ರವರೆಗೆ ಮತ್ತು 219ರಿಂದ 221ರವರೆಗೆ, ಪ್ರತಿ ಬೈಟನ್ನು 255ರಿಂದ ಕಳೆದು ಬರೆಯಿರಿ. ಇಲ್ಲದಿದ್ದರೆ ಕರ್ಸರ್ ಬಂದಾಗಲೆಲ್ಲ ಹಳೆಯ ಚಿಹ್ನೆ ಇಣುಕುತ್ತದೆ.

ಈ ಮೂರನ್ನು ಯಾವ ಕ್ರಮದಲ್ಲಿ ಇಡಬೇಕು? ಗಣಕಗಳಿಗಾಗಿ ಸ್ವೀಡನ್ ಬಳಸುತ್ತಿದ್ದ 7 ಬಿಟ್ ಅಕ್ಷರ ಸಂಕೇತದ ಕ್ರಮ ಚುಕ್ಕೆಯ ‘ಎ’, ಚುಕ್ಕೆಯ ‘ಓ’, ಉಂಗುರದ ‘ಎ’. ವರ್ಣಮಾಲೆಯಲ್ಲಿ ಉಂಗುರದ್ದೇ ಮೊದಲು. ಹೆಸರುಗಳ ಪಟ್ಟಿ ಮಾಡುವವರು ವರ್ಣಮಾಲೆಯ ಕ್ರಮವನ್ನೇ ಆರಿಸಲಿ. ಡ್ಯಾನಿಷ್, ನಾರ್ವೇಜಿಯನ್ ಸಂಕೇತಗಳಲ್ಲಿ ಈ ತೊಡಕಿಲ್ಲ. ಆದರೆ ಅಲ್ಲಿನ ಗೀರು ‘ಓ’ ಸೊನ್ನೆಯಂತೆ ಕಾಣಬಾರದು. ಗೀರು ವೃತ್ತದ ಹೊರಗೂ ಚಾಚಲಿ: 61, 102, 110, 126, 118, 102, 188, 0.